ಅಕಾಲಜಾತ ಶಿಶುವಿನ ಗೃಹಾಗಮನ

ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನಲ್ಲಿ ಪಾಳೆಯಗಾರರ ಕಾಲದಿಂದ ಹೆಸರು ಕೇಳಿಬರುವ ಹೊಳವನಹಳ್ಳಿಯ ಸುತ್ತಣ ಗ್ರಾಮಗಳಲ್ಲಿ, ಎರಡು ತಲೆಮಾರುಗಳ ಹಿಂದೆ ಪ್ರಸವಕಾರ್ಯವು ಮನೆಯ ಒಳಕೋಣೆಯಲ್ಲಿ ಸೂಲಗಿತ್ತಿಯ ಕೈಯಿಂದಲೇ ನೆರವೇರುತ್ತಿದ್ದಿತು. ಇದೇ ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೆ ಮಿಕ್ಕ ಹೆರಿಗೆಗಳನ್ನು ಪ್ರತಿಫಲಾಪೇಕ್ಷೆಯಿಲ್ಲದೆ ಮಾಡಿಸಿ, ೨೦೧೮ರಲ್ಲಿ ಪದ್ಮಶ್ರೀ ಪ್ರಶಸ್ತಿಗೆ ಪಾತ್ರರಾಗಿ, ಅದೇ ವರ್ಷದ ಡಿಸೆಂಬರ್ ತಿಂಗಳಲ್ಲಿ ಕಾಲವಾದರು. ಈಗ ಹೆರಿಗೆಯು ಆಸ್ಪತ್ರೆಗೆ ಹೋಗಿರುವುದು. ತಿಂಗಳು ತುಂಬುವ ಮೊದಲೇ ಮಗುವು ಹುಟ್ಟಿದರೆ, ಅಥವಾ ಹುಟ್ಟಿದ ಮಗುವು ಅಳದೆ, ಹಾಲು ಹೀರದೆ ಹೋದರೆ, ಕೊರಟಗೆರೆಯ ತಾಲ್ಲೂಕು ಆಸ್ಪತ್ರೆಯಿಂದ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ಕಳುಹಿಸುವರು. ಅಲ್ಲಿ ಅದನ್ನು ವಿಶೇಷ ನವಜಾತ ಶಿಶು ಆರೈಕೆ ಘಟಕದಲ್ಲಿ ಇರಿಸುವರು. ಹಳ್ಳಿಯ ಮಾತಿನಲ್ಲಿ ಇದಕ್ಕೆ 'ಮಗುವನ್ನು ಪೆಟ್ಟಿಗೆಯಲ್ಲಿಟ್ಟಿದ್ದಾರೆ' ಎಂದು ಹೆಸರು. ಪೆಟ್ಟಿಗೆಯ ದಿನಗಳು ಕೆಲವಕ್ಕೆ ಮೂರು, ಕೆಲವಕ್ಕೆ ಮೂವತ್ತು, ಕೆಲವಕ್ಕೆ ಇನ್ನೂ ಹೆಚ್ಚು. ಬಳಿಕ ಒಂದು ದಿನ ವೈದ್ಯರು 'ಮಗುವನ್ನು ಮನೆಗೆ ಕರೆದುಕೊಂಡು ಹೋಗಬಹುದು' ಎಂದು ಹೇಳುವರು. ಆ ದಿನದಿಂದ ಮುಂದೆ ಏನಾಗುವುದು, ಏನಾಗಬೇಕು, ಮನೆಯವರಿಗೆ ಯಾವ ಆಧಾರವಿರಬೇಕು ಎಂಬುದೇ ಪ್ರಕೃತ ವಿಚಾರ.

ಹಗಲಿರುಳು ಶುಶ್ರೂಷಕಿಯರ ಕಣ್ಣಿನಲ್ಲಿಯೂ ಯಂತ್ರಗಳ ಕಾವಲಿನಲ್ಲಿಯೂ ಇದ್ದ ಕೂಸು, ಒಂದು ಸಂಜೆ ಬಸ್ಸಿನಿಂದಲೋ ವಾಹನದಿಂದಲೋ ಇಳಿದು, ಹೆಂಚಿನ ಮನೆಯ ಒಂದು ಮೂಲೆಗೆ ಬರುವುದು. ಆಸ್ಪತ್ರೆಯಲ್ಲಿ ತಾಯಿಗೆ ಹೇಳಿಕೊಟ್ಟಿರುವರು. ಆದರೆ ಮನೆಯಲ್ಲಿ ಬಾಣಂತನದ ಅಧಿಕಾರವು ಹಿರಿಯ ಹೆಣ್ಣುಮಕ್ಕಳದು. ತವರಿನಲ್ಲಾದರೆ ತಾಯಿಯ ತಾಯಿ, ಅತ್ತೆಮನೆಯಲ್ಲಾದರೆ ಅತ್ತೆ. ಇವರಲ್ಲಿ ಹಲವರು ಘಟಕದ ಬಾಗಿಲಿನ ಒಳಗೆ ಕಾಲಿಟ್ಟವರೇ ಅಲ್ಲ. ಐದಾರು ಮಕ್ಕಳನ್ನು ಹೆತ್ತು ಸಾಕಿದ ಹಿರಿಯಳ ಮುಂದೆ, ಮೊದಲ ಹೆರಿಗೆಯ ಹತ್ತೊಂಬತ್ತರ ಹುಡುಗಿ 'ಡಾಕ್ಟರು ಸ್ನಾನ ಬೇಡವೆಂದರು' ಎಂದು ಹೇಳಿ ನಿಲ್ಲುವುದು ಸುಲಭವೇ? ಉಪದೇಶವು ಯಾರಿಗೆ ತಲಪಬೇಕೋ ಅವರಿಗೆ ತಲಪದಿರುವುದೇ ಈ ವಿಷಯದ ಮೊದಲ ತೊಡಕು.

ಎರಡನೆಯ ತೊಡಕು ಇದಕ್ಕಿಂತ ಹಳೆಯದು. 'ಏಳರಲ್ಲಿ ಹುಟ್ಟಿದ್ದು ಬದುಕುವುದು, ಎಂಟರಲ್ಲಿ ಹುಟ್ಟಿದ್ದು ಬದುಕದು' ಎಂಬ ನಂಬಿಕೆ ನಮ್ಮ ಜನರಲ್ಲಿ ಆಳವಾಗಿ ಬೇರೂರಿದೆ. ಎಂಟನೆಯ ತಿಂಗಳ ಮಗು ಮನೆಗೆ ಬಂದಾಗ ಬಂಧುಗಳು ಬಾಯಿಬಿಟ್ಟು ಹೇಳದಿದ್ದರೂ ಮನಸ್ಸಿನಲ್ಲಿ ಅದನ್ನು ಕಳೆದುಕೊಂಡ ಲೆಕ್ಕಕ್ಕೆ ಸೇರಿಸಿರುವುದುಂಟು. ಹಾಗೆ ಎಣಿಸಿದ ಮಗುವಿನ ವಿಷಯದಲ್ಲಿ ಪ್ರಯತ್ನವೂ ಸಡಿಲವಾಗುವುದು. ಈ ನಂಬಿಕೆಗೆ ಶಾಸ್ತ್ರದ ಬೆಂಬಲವಿದೆಯೆಂದು ಹೇಳುವವರೂ ಇರುವರಾದ್ದರಿಂದ ಗ್ರಂಥಗಳು ನಿಜವಾಗಿ ಏನು ಹೇಳುತ್ತವೆ ಎಂಬುದನ್ನು ಸ್ವಲ್ಪ ವಿವರವಾಗಿ ನೋಡುವುದು ಅವಶ್ಯ.

ಚರಕಸಂಹಿತೆಯ ಶಾರೀರಸ್ಥಾನದಲ್ಲಿ, ಎಂಟನೆಯ ತಿಂಗಳಿನಲ್ಲಿ ಓಜಸ್ಸು ತಾಯಿಯಿಂದ ಗರ್ಭಕ್ಕೂ ಗರ್ಭದಿಂದ ತಾಯಿಗೂ ಸಂಚರಿಸುತ್ತ ಸ್ಥಿರವಾಗಿ ನಿಲ್ಲದಿರುವುದರಿಂದ ಆಗಿನ ಜನನವು ವ್ಯಾಪತ್ತಿಯುಳ್ಳದ್ದು, ಎಂದರೆ ಅಪಾಯದಿಂದ ಕೂಡಿದ್ದು, ಎಂದು ಹೇಳಿದೆ. ಸುಶ್ರುತನು ಇನ್ನೂ ಕಟುವಾಗಿ, ಆಗ ಹುಟ್ಟಿದ್ದು ಬದುಕದೆಂದೇ ಹೇಳಿರುವನು. ಇಬ್ಬರ ಮಾತಿಗೂ ವ್ಯತ್ಯಾಸವಿದೆ: ಒಬ್ಬನು ಅಪಾಯವನ್ನು ಸೂಚಿಸಿದನು, ಮತ್ತೊಬ್ಬನು ತೀರ್ಪನ್ನು ಕೊಟ್ಟನು. ಲೋಕವು ತೀರ್ಪನ್ನು ಹಿಡಿದುಕೊಂಡಿತು. ಈ ಭಾವನೆ ಭರತಖಂಡಕ್ಕೆ ಮಾತ್ರ ಸೇರಿದ್ದೂ ಅಲ್ಲ. ಯವನರ ವೈದ್ಯಪಿತಾಮಹನಾದ ಹಿಪ್ಪೊಕ್ರಾಟಿಸನ ಹೆಸರಿನಲ್ಲಿ ಬಂದಿರುವ ಗ್ರಂಥಸಮೂಹದಲ್ಲಿ ಎಂಟನೆಯ ತಿಂಗಳ ಶಿಶುವನ್ನು ಕುರಿತೇ ಒಂದು ಪ್ರಬಂಧವಿದ್ದು, ಅದರ ಅಭಿಪ್ರಾಯವೂ ಇದೇ ಆಗಿದೆ. ಗರ್ಭದ ದಿನಗಳನ್ನು ಲೆಕ್ಕವಿಡಲು ನೆನಪೊಂದೇ ಸಾಧನವಾಗಿದ್ದ ಕಾಲದಲ್ಲಿ, ಬದುಕಿದ ಮಗುವನ್ನು ಏಳರದೆಂದೂ ಅಳಿದ ಮಗುವನ್ನು ಎಂಟರದೆಂದೂ ಹಿಂದಿನಿಂದ ಎಣಿಸಿರಬಹುದೆಂದು ಊಹಿಸಿದರೆ ತಪ್ಪಾಗಲಾರದು. ಇಂದಿನ ಅನುಭವವಾದರೋ ನಿಸ್ಸಂದಿಗ್ಧ. ಮೂವತ್ತೇಳು ವಾರ ತುಂಬುವ ಮೊದಲು ಹುಟ್ಟಿದ್ದನ್ನು ಅಕಾಲಜಾತವೆಂದು ವೈದ್ಯರು ಕರೆಯುವರು; ಗರ್ಭದಲ್ಲಿ ಕಳೆದ ಪ್ರತಿಯೊಂದು ವಾರವೂ ಮಗುವಿನ ಬದುಕುವ ಸಂಭವವನ್ನು ಹೆಚ್ಚಿಸುವುದು. ಮೂವತ್ತನಾಲ್ಕು ವಾರಗಳ ಶಿಶುವಿಗೆ ಇಪ್ಪತ್ತೆಂಟು ವಾರಗಳ ಶಿಶುವಿಗಿಂತ ಆಸೆ ಬಹಳ ಅಧಿಕ. ಎಂಟರದು ಏಳರದಕ್ಕಿಂತ ಗಟ್ಟಿ. ಮನೆಗೆ ಬರುವ ಮೊದಲೇ ಈ ಒಂದು ಮಾತನ್ನು ಅಜ್ಜಿಯ ಕಿವಿಗೆ ಮುಟ್ಟಿಸಿದರೆ ಎಷ್ಟೋ ಕೆಲಸವಾದಂತೆ.

ಅಕಾಲಜಾತ ಶಿಶುವಿನ ಕೊರತೆಗಳು ಯಾವುವು? ದೇಹದ ಶಾಖವನ್ನು ಹಿಡಿದಿಡುವ ಕೊಬ್ಬು ಚರ್ಮದ ಕೆಳಗೆ ಇನ್ನೂ ಕೂಡಿಲ್ಲ. ತೂಕಕ್ಕೆ ಹೋಲಿಸಿದರೆ ಮೈಯ ಹೊರಮುಖ ಹೆಚ್ಚಾಗಿರುವುದರಿಂದ ಶಾಖವು ಬೇಗ ಸೋರುವುದು. ಪುಪ್ಪುಸದ ಸಣ್ಣ ಚೀಲಗಳು ಕುಸಿಯದಂತೆ ತಡೆಯುವ ದ್ರವ್ಯವು ಸುಮಾರು ಮೂವತ್ತನಾಲ್ಕನೆಯ ವಾರದ ಹೊತ್ತಿಗೆ ಸಾಕಷ್ಟಾಗುವುದು. ಚೀಪುವುದು, ನುಂಗುವುದು, ಉಸಿರಾಡುವುದು, ಈ ಮೂರನ್ನೂ ಹೊಂದಿಸಿಕೊಳ್ಳುವ ಶಕ್ತಿ ಬರುವುದೂ ಅದೇ ಸುಮಾರಿಗೆ. ಘಟಕದಲ್ಲಿ ಕಾಯಿಸಿದ ಹಾಸಿಗೆ, ಆಮ್ಲಜನಕ, ಮೂಗಿನ ನಳಿಕೆಯ ಹಾಲು ಇವು ಈ ಕೊರತೆಗಳನ್ನು ತುಂಬುವುವು. ಮಗುವು ತಾನೇ ಹಾಲು ಕುಡಿದು, ಶಾಖವನ್ನು ಉಳಿಸಿಕೊಂಡು, ಸತತವಾಗಿ ಮೂರು ದಿನ ತೂಕವನ್ನು ಹೆಚ್ಚಿಸಿಕೊಂಡ ಮೇಲೆ ಮನೆಗೆ ಕಳುಹಿಸುವರು. ಹಾಗೆ ಕಳುಹಿಸಿದ ಮಗುವು ಗುಣವಾಯಿತೆಂದು ತಿಳಿಯಬಾರದು. ಬೆಳೆಯುವುದಕ್ಕೆ ಅರ್ಹವಾಯಿತೆಂದಷ್ಟೆ ಅದರ ಅರ್ಥ.

ಯಂತ್ರವು ಮುಂದೆ ಬಂದು ಮನೆಯವರು ಹಿಂದೆ ಸರಿದ ಕಥೆಯೂ, ಅವರನ್ನು ಮತ್ತೆ ಒಳಕ್ಕೆ ಕರೆದ ಕಥೆಯೂ ತಿಳಿಯತಕ್ಕವೇ. ಪ್ಯಾರಿಸಿನಲ್ಲಿ ತಾರ್ನಿಯೇ ಎಂಬ ಪ್ರಸೂತಿವೈದ್ಯನು ೧೮೮೦ರ ಸುಮಾರಿಗೆ ಕೋಳಿಮೊಟ್ಟೆಗಳಿಗೆ ಕಾವು ಕೊಡುವ ಪೆಟ್ಟಿಗೆಯನ್ನು ನೋಡಿ ಶಿಶುಗಳಿಗೂ ಅಂಥದನ್ನು ಮಾಡಿಸಿದನು. ಅವನ ಶಿಷ್ಯನಾದ ಬ್ಯೂದಾಂ ಎಂಬವನು, ಮಗುವಿನಿಂದ ದೂರವಿರಿಸಲ್ಪಟ್ಟ ತಾಯಂದಿರಿಗೆ ಕ್ರಮೇಣ ಆ ಮಗುವಿನಲ್ಲಿ ಆಸಕ್ತಿಯೇ ಕುಗ್ಗುವುದನ್ನು ಕಂಡು ಬರೆದಿಟ್ಟನು. ಆದರೂ ಇಪ್ಪತ್ತನೆಯ ಶತಮಾನದ ಬಹುಭಾಗ ಸೋಂಕಿನ ಭಯದಿಂದ ತಾಯಂದಿರನ್ನು ಗಾಜಿನ ಆಚೆಗೇ ನಿಲ್ಲಿಸಿದರು. ೧೯೭೯ರಲ್ಲಿ ಎಸ್ಟೋನಿಯಾ ದೇಶದ ಟ್ಯಾಲಿನ್ ನಗರದಲ್ಲಿ ದಾದಿಯರ ಕೊರತೆಯಿಂದ ಡಾಕ್ಟರ್ ಲೆವಿನ್ ಎಂಬುವರು ತಾಯಂದಿರನ್ನೇ ಶುಶ್ರೂಷೆಗೆ ಹಚ್ಚಿದರು. ಕೊರತೆಯ ಪರಿಹಾರವಾಗಿ ಬಂದದ್ದು ಉತ್ತಮಪದ್ಧತಿಯಾಗಿ ನಿಂತಿತು. ಅದಕ್ಕೆ ಒಂದು ವರ್ಷ ಮೊದಲು ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ ಎಡ್ಗರ್ ರೇ ಎಂಬ ವೈದ್ಯರು, ಪೆಟ್ಟಿಗೆಗಳು ಸಾಲದೆ, ಕೂಸುಗಳನ್ನು ತಾಯಿಯ ಎದೆಗೆ ಕಟ್ಟುವ ಕ್ರಮವನ್ನು ಆರಂಭಿಸಿದ್ದರು. ಮರಿಯನ್ನು ಹೊಟ್ಟೆಯ ಚೀಲದಲ್ಲಿ ಹೊರುವ ಕಾಂಗರೂ ಪ್ರಾಣಿಯ ಹೆಸರಿನಿಂದ ಇದು ಪ್ರಸಿದ್ಧವಾಗಿದೆ.

ಈ ಕ್ರಮದ ಬಲವು ೨೦೨೧ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಿಂದ ದೃಢಪಟ್ಟಿತು. ಭಾರತ, ಘಾನಾ, ಮಲಾವಿ, ನೈಜೀರಿಯ, ಟಾಂಜಾನಿಯ ಈ ಐದು ದೇಶಗಳ ಐದು ಆಸ್ಪತ್ರೆಗಳಲ್ಲಿ ೧ ಕಿಲೋಗ್ರಾಂ ಮೇಲ್ಪಟ್ಟು ೧.೮ ಕಿಲೋಗ್ರಾಂಗೆ ಒಳಗಿನ ೩೨೧೧ ಶಿಶುಗಳನ್ನು ಎರಡು ಗುಂಪುಗಳಾಗಿ ಮಾಡಿ ನೋಡಿದರು. ಮೊದಲು ಶಿಶುವಿನ ಸ್ಥಿತಿಯನ್ನು ಸರಿಪಡಿಸಿ ಆಮೇಲೆ ತಾಯಿಯ ಎದೆಗೆ ಕೊಟ್ಟ ಗುಂಪಿನಲ್ಲಿ ಇಪ್ಪತ್ತೆಂಟು ದಿನಗಳೊಳಗೆ ನೂರಕ್ಕೆ ೧೫.೭ ಶಿಶುಗಳು ತೀರಿಕೊಂಡವು. ಹುಟ್ಟಿದೊಡನೆಯೇ ಎದೆಗೆ ಕೊಟ್ಟ ಗುಂಪಿನಲ್ಲಿ ೧೨. ಭಾರತದ ಭಾಗವು ದೆಹಲಿಯ ಸಫ್ದರ್‌ಜಂಗ್ ಆಸ್ಪತ್ರೆಯಲ್ಲಿ ನಡೆಯಿತು. ನಮ್ಮ ಕರ್ಣಾಟಕದಲ್ಲಿಯೂ ಕೊಪ್ಪಳ ಜಿಲ್ಲೆಯಲ್ಲಿ, ಆಸ್ಪತ್ರೆಯಲ್ಲಿ ಮೊದಲಾದ ಈ ಆರೈಕೆಯನ್ನು ಹಳ್ಳಿಯ ಮನೆಯವರೆಗೂ ಮುಂದುವರಿಸುವುದು ಹೇಗೆಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದಿಂದ ನಡೆಸಿ ನೋಡಿರುವರು. ಭಾರತ ಸರ್ಕಾರವು ೨೦೧೭ರಲ್ಲಿ ಕುಟುಂಬಭಾಗಿತ್ವದ ಶಿಶು ಆರೈಕೆಗೆ ಮಾರ್ಗಸೂಚಿಯನ್ನು ಹೊರಡಿಸಿ, ಘಟಕದೊಳಗೇ ತಂದೆತಾಯಿಗಳಿಗೆ ಕೈ ತೊಳೆಯುವುದು, ಹಾಲೂಡಿಸುವುದು, ಎದೆಗೆ ಕಟ್ಟಿಕೊಳ್ಳುವುದು, ಮನೆಗೆ ಹೋದ ಮೇಲಿನ ಕ್ರಮ ಇವುಗಳನ್ನು ಕಲಿಸಬೇಕೆಂದು ವಿಧಿಸಿತು.

ಎದೆಗೆ ಕಟ್ಟುವ ವಿಧಾನ ಸುಲಭ. ಮಗುವಿಗೆ ಕುಲಾವಿಯನ್ನೂ ಕಾಲುಚೀಲವನ್ನೂ ಲಂಗೋಟಿಯನ್ನೂ ತೊಡಿಸಿ, ಉಳಿದ ಮೈಯನ್ನು ಬರಿದಾಗಿಟ್ಟು, ಎರಡು ಸ್ತನಗಳ ನಡುವೆ ನೆಟ್ಟಗೆ, ಕಪ್ಪೆಯಂತೆ ಕೈಕಾಲು ಮಡಿಸಿ ಒರಗಿಸಬೇಕು. ಉಸಿರಿಗೆ ಅಡ್ಡಿಯಾಗದಂತೆ ತಲೆಯನ್ನು ಒಂದು ಪಕ್ಕಕ್ಕೆ ತಿರುಗಿಸಿ, ಮೇಲೆ ಹಳೆಯ ಹತ್ತಿಯ ಸೀರೆಯಿಂದ ಸುತ್ತಿ ಕಟ್ಟಬೇಕು. ದಿನಕ್ಕೆ ಎಂಟು ಗಂಟೆಗೆ ಕಡಿಮೆಯಿಲ್ಲದೆ, ಆದರೆ ಅದಕ್ಕಿಂತಲೂ ಹೆಚ್ಚು ಹೊತ್ತು, ಮಗುವು ತಾನೇ ಹೊರಳಾಡಿ 'ಇನ್ನು ಸಾಕು' ಎಂಬಂತೆ ತೋರಿಸುವವರೆಗೆ ಇದನ್ನು ನಡೆಸುವರು. ತಾಯಿಯೊಬ್ಬಳೇ ಇದನ್ನು ಹೊರಲಾರಳು. ಅವಳು ಮಲಗಬೇಕು, ಸ್ನಾನ ಮಾಡಬೇಕು, ಉಣ್ಣಬೇಕು. ಆ ವೇಳೆಯಲ್ಲಿ ತಂದೆಯೋ ಅಜ್ಜಿಯೋ ಚಿಕ್ಕಮ್ಮನೋ ಎದೆಯೊಡ್ಡಬಹುದು. ಗಂಡಸು ಹಸಿಗೂಸನ್ನು ಎತ್ತುವುದೇ ವಿಚಿತ್ರವೆಂದು ನಗುವ ಊರಿನಲ್ಲಿ ಅಂಗಿಯೊಳಗೆ ಮಗುವನ್ನು ಕಟ್ಟಿಕೊಂಡು ಜಗುಲಿಯಲ್ಲಿ ಕುಳಿತ ತಂದೆಗೆ ಮೊದಲ ಎರಡು ದಿನ ಮಾತ್ರ ಕಷ್ಟ.

ಇನ್ನು ಮನೆಯ ಆಚಾರಗಳ ವಿಷಯ. ಇವನ್ನೆಲ್ಲ ಒಟ್ಟಾಗಿ ಮೌಢ್ಯವೆಂದು ತಳ್ಳಿದ ಉಪದೇಶಕನ ಮಾತನ್ನು ಹಳ್ಳಿಯವರು ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಒಂದೊಂದನ್ನೂ ಬಿಡಿಸಿ ನೋಡಬೇಕು. ಚರಕನು ಕುಮಾರಾಗಾರವನ್ನು ವರ್ಣಿಸುತ್ತ, ಅದು ಕತ್ತಲೆಯಿಲ್ಲದೆ, ಬಿರುಗಾಳಿ ನುಗ್ಗದೆ, ಆದರೆ ಒಂದು ಕಡೆಯಿಂದ ಗಾಳಿಯಾಡುವಂತೆ, ಇಲಿ ಹುಳುಗಳ ಬಾಧೆಯಿಲ್ಲದೆ, ನೀರು, ಸ್ನಾನ, ಅಡಿಗೆಗಳಿಗೆ ಬೇರೆಬೇರೆ ಸ್ಥಳವಿರುವಂತೆ ಇರಬೇಕೆನ್ನುವನು. ಬಾಣಂತಿಯ ಕೋಣೆಯ ಕಿಟಕಿಗಳಿಗೆಲ್ಲ ಬಟ್ಟೆ ತುರುಕಿ ಕತ್ತಲೆಗವಿಯನ್ನಾಗಿಸುವ ಈಗಿನ ರೂಢಿಗೆ ಆ ಗ್ರಂಥದಲ್ಲಿ ಆಧಾರವಿಲ್ಲ. ಬೆವರು, ಮಲಮೂತ್ರ ಸೋಕಿದ ಬಟ್ಟೆಗಳನ್ನು ಬಿಡಬೇಕು. ಬೇರೆ ಬಟ್ಟೆ ಸಿಗದ ಪಕ್ಷದಲ್ಲಿ ಅವನ್ನೇ ಚೆನ್ನಾಗಿ ಒಗೆದು, ಒಣಗಿಸಿ, ಧೂಪಕ್ಕೆ ಹಿಡಿದು ಬಳಸಬೇಕು ಎಂದೂ ಅಲ್ಲಿಯೇ ಹೇಳಿದೆ. ಬಡವನ ಮನೆಯನ್ನೂ ಕಂಡು ಬರೆದ ಮಾತಿದು.

ಧೂಪದ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಚರಕನು ಈ ಪ್ರಕರಣದಲ್ಲಿ ಧೂಪವನ್ನು ವಿಧಿಸಿರುವುದು ಬಟ್ಟೆಗೆ, ಹಾಸಿಗೆಗೆ, ಹೊದಿಕೆಗೆ. ಸ್ನಾನವಾದ ಮೇಲೆ ಮಗುವನ್ನೇ ಸಾಂಬ್ರಾಣಿಯ ಕೆಂಡದ ಮೇಲೆ ಹಿಡಿಯುವುದು ನಮ್ಮ ಮನೆಗಳ ರೂಢಿ. ೧೯೩೮ರಲ್ಲಿ ನೇಪಾಳದ ಹಸ್ತಪ್ರತಿಯಿಂದ ಅಚ್ಚಾದ ಕಾಶ್ಯಪಸಂಹಿತೆಯಲ್ಲಿ ಧೂಪಕ್ಕೇ ಮೀಸಲಾದ ಅಧ್ಯಾಯವಿದ್ದು ಬಾಲರೋಗಗಳಲ್ಲಿ ಧೂಪಪ್ರಯೋಗವನ್ನು ಹೇಳಿರುವುದು ನಿಜ. ಆದರೆ ಮೊನ್ನೆಮೊನ್ನೆಯವರೆಗೆ ಆಮ್ಲಜನಕದ ನೆರವಿನಿಂದ ಉಸಿರಾಡಿದ ಪುಪ್ಪುಸಕ್ಕೆ ಹೊಗೆಯು ವಿಷವೇ ಸರಿ. ಬಟ್ಟೆಗೆ ಹೊಗೆ ಹಿಡಿದು, ಹೊಗೆ ಹೋದ ಮೇಲೆ ಆ ಬಟ್ಟೆಯನ್ನು ಹೊದಿಸಿದರೆ ಅಜ್ಜಿಯ ಆಚಾರವೂ ಉಳಿಯುವುದು, ಮಗುವಿನ ಉಸಿರೂ ಉಳಿಯುವುದು. ಒಲೆಯ ಹೊಗೆಗೂ ಬೀಡಿಯ ಹೊಗೆಗೂ ಇದೇ ನ್ಯಾಯ.

ಹಂಡೆಯ ಬಿಸಿನೀರಿನ ಸ್ನಾನವು ತುಂಬಿದ ತಿಂಗಳ ಮಗುವಿಗೆ ಹಿತವಾದೀತು. ಎರಡು ಕಿಲೋಗ್ರಾಂ ಮುಟ್ಟದ ಮಗುವಿಗೆ ನೀರು ಆರುವಷ್ಟರಲ್ಲಿ ಶಾಖವು ಆರಿಹೋಗುವುದು. ಆ ತೂಕ ಬರುವವರೆಗೆ ಬೆಚ್ಚಗಿನ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಎಣ್ಣೆಯನ್ನು ಬಿಡಬೇಕಾಗಿಲ್ಲ. ಅಕಾಲಜಾತರ ಚರ್ಮಕ್ಕೆ ಕೊಬ್ಬರಿಯೆಣ್ಣೆ ಅಥವಾ ಸೂರ್ಯಕಾಂತಿಯೆಣ್ಣೆಯ ಲೇಪವನ್ನು ೨೦೨೨ರ ವಿಶ್ವ ಆರೋಗ್ಯ ಸಂಸ್ಥೆಯ ಸೂಚಿಯೂ ಅಂಗೀಕರಿಸಿದೆ. ಮೃದುವಾಗಿ ಸವರಬೇಕು, ನೀವಿ ತಿಕ್ಕಬಾರದು, ಕಿವಿಮೂಗುಗಳಿಗೆ ಹನಿಸಲೇಬಾರದು. ಸುಶ್ರುತನು ಹುಟ್ಟಿದ ಮಗುವಿನ ನೆತ್ತಿಯ ಮೇಲೆ ತುಪ್ಪದಲ್ಲಿ ತೊಯ್ದ ಅರಳೆಯನ್ನಿಡಬೇಕೆಂದು ಹೇಳಿರುವನು. ನೆತ್ತಿಯಿಂದ ಶಾಖ ಸೋರುವುದನ್ನು ಪ್ರಾಚೀನರು ಗಮನಿಸಿದ್ದರೆಂಬುದಕ್ಕೆ ಇದು ಸೂಚನೆಯಾಗಬಹುದು. ಈಗ ಅದರ ಕೆಲಸವನ್ನು ಕುಲಾವಿಯು ಮಾಡುವುದು.

ಜೇನಿನ ವಿಷಯದಲ್ಲಿ ಮಾತ್ರ ಗ್ರಂಥವನ್ನು ಬಿಡಬೇಕು. ಜಾತಕರ್ಮದಲ್ಲಿ ಜೇನುತುಪ್ಪಗಳನ್ನು ನೆಕ್ಕಿಸುವುದು ವಿಹಿತ. ಸುಶ್ರುತನು ಹಾಲು ಇಳಿಯಲು ಮೂರು ನಾಲ್ಕು ದಿನವಾಗುವುದೆಂದು ಭಾವಿಸಿ ಆ ಅವಧಿಗೆ ಈ ಲೇಹವನ್ನು ಹೇಳಿದನು. ಮೊದಲ ದಿನದ ಹಳದಿ ಗಿಣ್ಣುಹಾಲೇ ಮಗುವಿನ ಮೊದಲ ರಕ್ಷೆಯೆಂದು ಇಂದು ತಿಳಿದಿದೆ. ಒಂದು ವರ್ಷ ತುಂಬದ ಮಗುವಿಗೆ ಜೇನಿನಿಂದ ಅಂಗಗಳು ಸೋಲುವ ಭಯಂಕರ ರೋಗವು ಬರಬಹುದಾಗಿದೆ. ಬಜೆ, ಜಾಯಿಕಾಯಿ ಮೊದಲಾದುವನ್ನು ತೇದು ನಾಲಗೆಗೆ ಹಚ್ಚುವುದೂ ಆರು ತಿಂಗಳವರೆಗೆ ಬೇಡ. ಶಾಸ್ತ್ರಕ್ಕಾಗಿ ಬಿಡಲಾಗದಿದ್ದರೆ ತಾಯಿಯ ಹಾಲಿನದೇ ಒಂದು ಹನಿಯನ್ನು ಬಂಗಾರದ ಉಂಗುರದಿಂದ ಮುಟ್ಟಿಸಲಿ. ಉಂಗುರವನ್ನು ಮೊದಲು ಕುದಿಸಿರಲಿ.

ಹಾಲೂಡಿಸುವ ಸಾಧನದಲ್ಲಿ ಮಾತ್ರ ನಮ್ಮ ಹಳ್ಳಿಯ ಮನೆಯೇ ಆಸ್ಪತ್ರೆಗೆ ಗುರುವಾಗಿದೆ. ಮೊಲೆಯನ್ನು ಚೀಪಲಾರದ ಮಗುವಿಗೆ ತಾಯಿಯ ಹಾಲನ್ನು ಹಿಂಡಿ, ಕೊಕ್ಕಿನಂಥ ಮೂತಿಯುಳ್ಳ ಸಣ್ಣ ಪಾತ್ರೆಯಿಂದ ಕೊಡುವ ಪದ್ಧತಿ ಈಗ ದೇಶದ ಎಲ್ಲ ಘಟಕಗಳಲ್ಲಿಯೂ ಉಂಟು. ತಮಿಳಿನಲ್ಲಿ ಪಾಲಾಡೈ ಎಂಬ ಹೆಸರಿನಿಂದ ಅದು ವೈದ್ಯರ ಪುಸ್ತಕಗಳನ್ನು ಸೇರಿದೆ. ಕನ್ನಡದ ಒಳಲೆ ಅದೇ. ಹಿತ್ತಾಳೆಯದೋ ಬೆಳ್ಳಿಯದೋ ಒಳಲೆಯೊಂದು ಅಜ್ಜಿಯ ಪೆಟ್ಟಿಗೆಯಲ್ಲಿ ಇಂದಿಗೂ ಸಿಗುವುದು. ಆಸ್ಪತ್ರೆಯಲ್ಲಿ ದಾದಿಯು ಉಕ್ಕಿನ ಪಾಲಾಡೈಯನ್ನು ತೋರಿಸಿ ಹೊಸ ವಸ್ತುವೆಂಬಂತೆ ಕಲಿಸುವಾಗ, 'ನಿಮ್ಮ ಮನೆಯ ಒಳಲೆಯೇ ಇದು' ಎಂದು ಸೇರಿಸಿದರೆ ಅಜ್ಜಿಯ ಮುಖವೇ ಬೇರೆಯಾದೀತು. ಭೇದವಿಷ್ಟೆ: ಪ್ರತಿಸಲವೂ ಕುದಿಯುವ ನೀರಿನಲ್ಲಿ ಕುದಿಸಬೇಕು, ಮಗುವನ್ನು ಅಂಗಾತ ಮಲಗಿಸಿ ಗಂಟಲಿಗೆ ಸುರಿಯದೆ, ಅರೆಕುಳ್ಳಿರಿಸಿ, ಬಾಯಿಯ ಅಂಚಿನಲ್ಲಿ ಹನಿಹನಿಯಾಗಿ, ನುಂಗಿದ ಮೇಲೆ ಮತ್ತೆ ಕೊಡಬೇಕು. ಎರಡು ಮೂರು ಗಂಟೆಗಳಿಗೊಮ್ಮೆ, ರಾತ್ರಿಯಲ್ಲಿಯೂ, ನಿದ್ದೆಯಿಂದ ಎಬ್ಬಿಸಿಯಾದರೂ ಕುಡಿಸಬೇಕು. 'ಮಗು ಜಾಣ, ಅಳುವುದೇ ಇಲ್ಲ' ಎಂದು ತುಂಬಿದ ತಿಂಗಳ ಮಗುವನ್ನು ಹೊಗಳಬಹುದು. ಅಕಾಲಜಾತವು ಅಳದಿರುವುದು ಶಕ್ತಿಯಿಲ್ಲದ್ದರಿಂದಲೂ ಆಗಿರಬಹುದು.

ಸೂತಕದ ಕಾರಣದಿಂದ ಬಾಣಂತಿಯನ್ನೂ ಮಗುವನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿರಿಸುವ ಪದ್ಧತಿ ತುಮಕೂರು ಜಿಲ್ಲೆಯ ಕೆಲವು ಕಾಡುಗೊಲ್ಲರ ಹಟ್ಟಿಗಳಲ್ಲಿ ಇನ್ನೂ ಅಳಿದಿಲ್ಲ. ೨೦೨೩ರ ಜುಲೈ ತಿಂಗಳಲ್ಲಿ ತುಮಕೂರು ತಾಲ್ಲೂಕಿನ ಒಂದು ಹಟ್ಟಿಯಲ್ಲಿ, ಮಳೆಗಾಲದ ಚಳಿಯಲ್ಲಿ ಹೀಗೆ ಹೊರಗಿದ್ದ ಸುಮಾರು ಒಂದು ತಿಂಗಳ ಕೂಸು ಶೀತಪೀಡಿತವಾಗಿ ಆಸ್ಪತ್ರೆಯಲ್ಲಿ ಅಸುನೀಗಿತು. ಅವಳಿಗಳಲ್ಲಿ ಉಳಿದಿದ್ದುದು ಅದೊಂದೇ. ಗರ್ಭಿಣಿಯರನ್ನೂ ಋತುಮತಿಯರನ್ನೂ ಊರಿನಿಂದ ಹೊರಗಿಡುವುದನ್ನು ಕರ್ಣಾಟಕದ ೨೦೧೭ರ ಅಮಾನವೀಯ ಆಚರಣೆಗಳ ಕಾಯಿದೆಯು ನಿಷೇಧಿಸಿದೆ. ಕಾಯಿದೆಯ ಮಾತಿಗಿಂತ ಹಟ್ಟಿಯ ಹಿರಿಯರ ಮಾತು ಬೇಗ ನಡೆಯುವುದು. ಧರ್ಮಶಾಸ್ತ್ರದಲ್ಲಿ ಆಪದ್ಧರ್ಮವೆಂಬ ಪ್ರಕರಣವೊಂದು ಇರುವುದು ಇಂಥ ಸಂದರ್ಭಕ್ಕಾಗಿಯೇ. ಪ್ರಾಣಸಂಕಟವಿದ್ದಲ್ಲಿ ಆಶೌಚನಿಯಮವು ಸಡಿಲುವುದೆಂಬುದನ್ನು ದೇವರ ಪೂಜಾರಿಯ ಬಾಯಿಂದಲೇ ಹೇಳಿಸುವುದು ಅತ್ಯಂತ ಫಲಕಾರಿಯಾದ ಉಪಾಯ. ಕಡೆಗೆ ಮಗುವು ಬೇರೆ ಇರಲೇಬೇಕೆಂದರೆ, ಮನೆಯೊಳಗಿನ ಬೇರೆ ಕೋಣೆಯಲ್ಲಿರಲಿ. ಕಾಯಿಲೆಯವರನ್ನೂ, ನೋಡಬಂದು ಮುತ್ತಿಡುವ ನೆಂಟರನ್ನೂ ದೂರವಿಡುವ ಮಟ್ಟಿಗೆ ಪುರುಡಿನ ಪ್ರತ್ಯೇಕತೆಯು ಉಪಕಾರಿಯೇ ಆಗಿದೆ.

ಇಷ್ಟನ್ನೂ ಮನೆಗೆ ಬಂದು ನೋಡಿ ಹೇಳುವವರು ಯಾರು? ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಅಭಯ ಬಂಗ್, ರಾಣಿ ಬಂಗ್ ದಂಪತಿಗಳು ಹಳ್ಳಿಯ ಹೆಂಗಸರಿಗೆ ಶಿಕ್ಷಣ ಕೊಟ್ಟು, ಮನೆಯಲ್ಲಿಯೇ ನವಜಾತರನ್ನು ನೋಡಿಕೊಳ್ಳುವಂತೆ ಮಾಡಿದರು. ೧೯೯೯ರಲ್ಲಿ ಪ್ರಕಟವಾದ ಅವರ ವರದಿಯಂತೆ, ಮೂರನೆಯ ವರ್ಷದ ವೇಳೆಗೆ ಆ ಮೂವತ್ತೊಂಬತ್ತು ಹಳ್ಳಿಗಳಲ್ಲಿ ನವಜಾತಮರಣವು ಹೋಲಿಕೆಯ ಹಳ್ಳಿಗಳಿಗಿಂತ ನೂರಕ್ಕೆ ೬೨ರಷ್ಟು ಇಳಿಯಿತು. ಈ ಆಧಾರದ ಮೇಲೆಯೇ ೨೦೧೧ರಲ್ಲಿ ಆಶಾ ಕಾರ್ಯಕರ್ತೆಯರ ಮನೆಭೇಟಿಯ ಕ್ರಮವು ದೇಶಕ್ಕೆಲ್ಲ ಏರ್ಪಟ್ಟಿತು. ಆಸ್ಪತ್ರೆಯಲ್ಲಿ ಹೆರಿಗೆಯಾದವರಿಗೆ ೩, ೭, ೧೪, ೨೧, ೨೮, ೪೨ನೆಯ ದಿನಗಳಲ್ಲಿ ಆರು ಭೇಟಿಗಳು. ಘಟಕದಿಂದ ಬಂದ ಶಿಶುವಿಗೆ ಮನೆ ಸೇರಿದೊಡನೆಯೇ ಮೊದಲ ಭೇಟಿ. ಅವಳ ಚೀಲದಲ್ಲಿ ತಕ್ಕಡಿ, ತಾಪಮಾಪಕ, ಗಡಿಯಾರಗಳಿರುವುವು. ಈ ಭೇಟಿಯ ಹೊತ್ತಿಗೆ ಅಜ್ಜಿಯನ್ನೂ ಕೂರಿಸಿಕೊಂಡು ಮಾತನಾಡುವ ಆಶಾಳು, ತಾಯಿಗೊಬ್ಬಳಿಗೇ ಹೇಳಿಹೋಗುವವಳಿಗಿಂತ ಹೆಚ್ಚು ಕೆಲಸ ಮಾಡುವಳು. ಆದರೆ ತುಮಕೂರಿನ ಘಟಕದಿಂದ ಮಗುವು ಹೊರಟ ಸುದ್ದಿ ಹಳ್ಳಿಯ ಆಶಾಳಿಗೆ ತಲಪಬೇಕಲ್ಲವೆ? ಬಾಣಂತಿಯು ಗಂಡನ ಊರಿನ ವಿಳಾಸವನ್ನು ಬರೆಸಿ ತವರಿಗೆ ಹೋದರೆ, ಒಂದು ಊರಿನ ಆಶಾಳು ಖಾಲಿ ಮನೆಯನ್ನು ನೋಡಿ ಹಿಂದಿರುಗುವಳು. ಮತ್ತೊಂದು ಊರಿನವಳಿಗೆ ಮಗು ಬಂದದ್ದೇ ತಿಳಿಯದು. ಹೊರಡುವಾಗ 'ಬಾಣಂತನ ಯಾವ ಊರಿನಲ್ಲಿ?' ಎಂಬ ಒಂದು ಪ್ರಶ್ನೆಯನ್ನು ಕೇಳಿ ತಾಯಿ ಕಾರ್ಡಿನಲ್ಲಿ ಬರೆದರೆ ಈ ಲೋಪ ತಪ್ಪುವುದು.

ಭೇಟಿಗಳ ನಡುವಣ ದಿನಗಳಲ್ಲಿ ಮನೆಯವರೇ ಕಾವಲು. ಕೈಯ ಹಿಂಬದಿಯಿಂದ ಮಗುವಿನ ಹೊಟ್ಟೆಯನ್ನೂ ಅಂಗಾಲನ್ನೂ ಮುಟ್ಟಿ ನ
ೋಡಬೇಕು. ಎರಡೂ ಬೆಚ್ಚಗಿದ್ದರೆ ಕ್ಷೇಮ. ಹೊಟ್ಟೆ ಬೆಚ್ಚಗಿದ್ದು ಅಂಗಾಲು ತಣ್ಣಗಿದ್ದರೆ ಕೂಡಲೇ ಎದೆಗೆ ಕಟ್ಟಬೇಕು. ಎರಡೂ ತಣ್ಣಗಿದ್ದರೆ ಎದೆಗೆ ಕಟ್ಟಿಕೊಂಡೇ ಆಸ್ಪತ್ರೆಗೆ ಹೊರಡಬೇಕು. ಹಾಲು ಕುಡಿಯುವುದನ್ನು ನಿಲ್ಲಿಸುವುದು, ಎಬ್ಬಿಸಿದರೂ ಕದಲದಿರುವುದು, ಸೆಳವು, ನಿಮಿಷಕ್ಕೆ ಅರವತ್ತಕ್ಕೆ ಕಡಿಮೆಯಿಲ್ಲದ ಉಸಿರು, ಉಸಿರೆಳೆದಾಗ ಪಕ್ಕೆ ಒಳಕ್ಕೆ ಗುಳಿಬೀಳುವುದು, ಮೈ ಕಾಯುವುದು, ಅಂಗೈ ಅಂಗಾಲುಗಳವರೆಗೂ ಹಳದಿಯಾಗುವುದು, ಇವುಗಳಲ್ಲಿ ಒಂದು ಕಂಡರೂ ದೃಷ್ಟಿ ತೆಗೆದು, ಯಂತ್ರ ಕಟ್ಟಿಸಿ, ಬೆಳಗಾಗಲೆಂದು ಕಾಯಬಾರದು. ದೃಷ್ಟಿಯನ್ನು ತೆಗೆಯುವುದಾದರೆ ೧೦೮ರ ವಾಹನ ಬರುವಷ್ಟರಲ್ಲಿ ತೆಗೆಯಲಿ. ೨೦೧೧ರ ಜೂನ್ ೧ರಿಂದ ಜಾರಿಗೆ ಬಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಂತೆ ಸರ್ಕಾರಿ ಆಸ್ಪತ್ರೆಯಲ್ಲಿ ಕಾಯಿಲೆಯ ನವಜಾತರಿಗೆ ಚಿಕಿತ್ಸೆ, ಔಷಧ, ಹೋಗಿಬರುವ ವಾಹನ ಎಲ್ಲವೂ ಉಚಿತ. ಈ ಸೌಲಭ್ಯವು ಬಳಿಕ ಒಂದು ವರ್ಷದ ವಯಸ್ಸಿನವರೆಗೆ ವಿಸ್ತರಿಸಲ್ಪಟ್ಟಿದೆ. ಒಮ್ಮೆ ಆಸ್ಪತ್ರೆವಾಸದಿಂದ ಕೂಲಿಯನ್ನೂ ಕೈಗಡವನ್ನೂ ಕಳೆದುಕೊಂಡ ಮನೆಯು ಎರಡನೆಯ ಸಲ ಹಿಂಜರಿಯುವುದು ಸಹಜವಾದ್ದರಿಂದ, ಇದನ್ನು ಘಟಕದಿಂದ ಹೊರಡುವಾಗಲೇ ಸ್ಪಷ್ಟವಾಗಿ ತಿಳಿಸಬೇಕು.

ತಾಯಿಯ ಮನಸ್ಸಿನ ವಿಷಯವನ್ನು ಹೇಳದೆ ಬಿಡಲಾಗದು. ಬೇರೆ ಬಾಣಂತಿಯರು ಮಗುವನ್ನು ಮಡಿಲಲ್ಲಿಟ್ಟುಕೊಂಡು ಮನೆಗೆ ಹೋಗುವಾಗ ಇವಳು ಬರಿಗೈಯಲ್ಲಿ ಹಾಸಿಗೆಯಲ್ಲಿದ್ದವಳು. 'ನೀನು ಭಾರ ಎತ್ತಿದ್ದರಿಂದ', 'ಗ್ರಹಣದ ದಿನ ಹೊರಗೆ ಬಂದದ್ದರಿಂದ' ಎಂಬ ಮಾತುಗಳನ್ನು ಕೇಳಿದವಳು. ಮನೆಗೆ ಬಂದ ಮೇಲೆ ಮಗುವಿನ ಉಸಿರನ್ನು ನೋಡುತ್ತ ನಿದ್ದೆಗೆಡುವಳು. ಕೆಲವರು ಅಳುವರು, ಕೆಲವರು ಮಗುವನ್ನು ಮುಟ್ಟಲೂ ಹೆದರುವರು. ಇಂಥವರಲ್ಲಿ ಪ್ರಸವಾನಂತರದ ಖಿನ್ನತೆಯು ಹೆಚ್ಚೆಂದು ವೈದ್ಯರು ಕಂಡಿರುವರು. ಎರಡು ವಾರಕ್ಕೂ ಮೀರಿ ಅದು ನಿಂತರೆ ಚಿಕಿತ್ಸೆ ಬೇಕು. ಆದರೆ ಮೊದಲ ಔಷಧವು ಮನೆಯಲ್ಲಿದೆ: ದೂಷಣೆಯ ಮಾತನ್ನು ನಿಲ್ಲಿಸುವುದು, ಒಂದು ಹೊತ್ತಿನ ಪೂರ್ಣ ನಿದ್ದೆ ಕೊಡುವುದು. ಪಥ್ಯದ ಹೆಸರಿನಲ್ಲಿ ನೀರು, ಬೇಳೆ, ಸೊಪ್ಪುಗಳನ್ನು ಕಟ್ಟಿಹಾಕಿ ಅವಳನ್ನು ಸೊರಗಿಸಿದರೆ ಹಾಲು ಎಲ್ಲಿಂದ ಬರಬೇಕು?

ಇಂಥ ಮಗುವಿಗೆ ಎರಡು ವಯಸ್ಸುಗಳು. ಲಸಿಕೆಗಳನ್ನು ಹುಟ್ಟಿದ ದಿನದಿಂದಲೇ ಎಣಿಸಿ ಹಾಕಿಸಬೇಕು. ಕತ್ತು ನಿಲ್ಲುವುದು, ಮಗುಚುವುದು, ಕೂರುವುದು ಇವನ್ನು ಮಾತ್ರ ತುಂಬಿದ ತಿಂಗಳಿಗೆ ಹುಟ್ಟಬೇಕಾಗಿದ್ದ ದಿನದಿಂದ ಎಣಿಸಬೇಕು. ಎರಡು ತಿಂಗಳು ಮೊದಲು ಹುಟ್ಟಿದ್ದು ಆರನೆಯ ತಿಂಗಳಿನಲ್ಲಿ ನಾಲ್ಕರ ಕೂಸಿನಂತೆ ಆಡಿದರೆ ಅದು ಹಿಂದುಳಿದದ್ದಲ್ಲ. ಪಕ್ಕದ ಮನೆಯ ಮಗುವಿನೊಡನೆ ಹೋಲಿಸಿ ತಾಯಿಯನ್ನು ನೋಯಿಸಬೇಕಾಗಿಲ್ಲ. ಕಿವಿಯನ್ನೂ ಪರೀಕ್ಷಿಸಬೇಕು. ಎಲ್ಲಕ್ಕಿಂತ ಅವಸರದ್ದು ಕಣ್ಣು.

ಗರ್ಭದಲ್ಲಿ ಕಣ್ಣಿನ ಒಳಪದರದ ರಕ್ತನಾಳಗಳು ಕೊನೆಯ ವಾರಗಳವರೆಗೂ ಹಬ್ಬುತ್ತಿರುವುವು. ಮೊದಲೇ ಹುಟ್ಟಿದ ಮಗುವಿನಲ್ಲಿ ಅವು ಅರ್ಧಕ್ಕೇ ನಿಂತು, ಆಮೇಲೆ ಅಡ್ಡಾದಿಡ್ಡಿಯಾಗಿ ಬೆಳೆದು, ಒಳಪದರವನ್ನೇ ಕಿತ್ತು ಕುರುಡುತನವನ್ನು ತರಬಹುದು. ಹೊರಗಿನಿಂದ ನೋಡಿದರೆ ಕಣ್ಣು ನಿರ್ಮಲವಾಗಿಯೇ ಕಾಣುವುದು. ೨೦೦೦ ಗ್ರಾಂಗೆ ಕಡಿಮೆ ತೂಕದ, ಅಥವಾ ೩೪ ವಾರ ತುಂಬದ ಶಿಶುಗಳೆಲ್ಲಕ್ಕೂ ಹುಟ್ಟಿದ ಮೂವತ್ತು ದಿನಗಳೊಳಗೆ, ತೀರ ಚಿಕ್ಕವಕ್ಕೆ ಅದಕ್ಕೂ ಮೊದಲೇ, ಪರೀಕ್ಷೆಯಾಗಬೇಕು. ಸಕಾಲದಲ್ಲಿ ಕಂಡರೆ ಲೇಸರ್ ಕಿರಣದ ಚಿಕಿತ್ಸೆಯಿಂದ ದೃಷ್ಟಿಯನ್ನು ಉಳಿಸಬಹುದು. ಬೆಂಗಳೂರಿನ ನಾರಾಯಣ ನೇತ್ರಾಲಯದವರು ೨೦೦೮ರಿಂದ ಕಿಡ್ರಾಪ್ ಎಂಬ ಹೆಸರಿನಲ್ಲಿ, ತರಬೇತಾದ ಸಹಾಯಕರನ್ನು ಕ್ಯಾಮೆರಾದೊಡನೆ ಜಿಲ್ಲೆಗಳ ಶಿಶುಘಟಕಗಳಿಗೆ ಕಳುಹಿಸಿ, ತೆಗೆದ ಚಿತ್ರಗಳನ್ನು ತಜ್ಞರು ದೂರದಿಂದಲೇ ಪರಿಶೀಲಿಸುವ ಏರ್ಪಾಡನ್ನು ನಡೆಸಿಕೊಂಡು ಬಂದಿರುವರು. ಆದರೆ ಒಂದು ಸಲದ ಪರೀಕ್ಷೆ ಸಾಲದು. ರಕ್ತನಾಳಗಳು ಪೂರ್ಣವಾಗಿ ಹಬ್ಬುವವರೆಗೆ ಮತ್ತೆ ಮತ್ತೆ ನೋಡಬೇಕು, ಮತ್ತು ಆ ಮುಂದಿನ ದಿನಗಳು ಬರುವುದು ಮಗುವು ಮನೆ ಸೇರಿದ ಮೇಲೆ. ಹಾಲು ಕುಡಿಯುತ್ತಿದೆ, ತೂಕ ಏರುತ್ತಿದೆ, ನಗುತ್ತಿದೆ; ಹೀಗಿರುವಾಗ ಕಣ್ಣಿಗಾಗಿ ಮತ್ತೆ ತುಮಕೂರಿಗೇಕೆ ಎಂದು ಮನೆಯವರಿಗೆ ತೋರುವುದು. ಹೊಲದಲ್ಲಿ ಕೆಲಸ ಬಂದಿರುವುದು, ನಾಮಕರಣದ ದಿನ ಗೊತ್ತಾಗಿರುವುದು. ಬಿಡುಗಡೆಯ ಚೀಟಿಯ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದ ಆ ತಾರೀಖನ್ನು ಮನೆ ಸೇರಿದ ಸಂಜೆಯೇ, ಹಾಲಿನ ಲೆಕ್ಕವನ್ನೂ ಸಾಲದ ಕಂತನ್ನೂ ಗುರುತಿಸುವ ಗೋಡೆಯ ಕ್ಯಾಲೆಂಡರಿನಲ್ಲಿ ದೊಡ್ಡದಾಗಿ ಬರೆದಿಡಬೇಕು. ನಾಮಕರಣಕ್ಕೆ ಮುಹೂರ್ತವನ್ನು ಕೇಳಲು ಬಂದವರಿಗೆ, ಆ ದಿನವನ್ನು ಬಿಟ್ಟು ಬೇರೆ ದಿನವನ್ನೇ ಪುರೋಹಿತರು ನೋಡಿಕೊಡಬೇಕು.